‘ಆರ್ಡರ್ ಪ್ಲೇಸ್ಡ್’ ಆದ ಮೇಲೆ ಗೋದಾಮಿನಲ್ಲಿ ಏನಾಗುತ್ತೆ?

ಹಾಸ್ಟೆಲ್ ರೂಮಲ್ಲಿ ಕೂತು ನಾವು ಒಂದು ಕ್ಯಾಲ್ಕುಲೇಟರ್, ಒಂದು ಡ್ರಾಫ್ಟರ್ ಆರ್ಡರ್ ಮಾಡ್ತೀವಿ. ದುಡ್ಡು ಕಟ್ಟಿದ ತಕ್ಷಣ ‘ಆರ್ಡರ್ ಪ್ಲೇಸ್ಡ್’ ಅಂತ ಬರುತ್ತೆ. ಆಮೇಲೆ ಯಾವಾಗಲೋ ‘ಶಿಪ್ಡ್’ ಅಂತ ಬರುತ್ತೆ. ಇವೆರಡರ ಮಧ್ಯದ ಕೆಲಸ ನಡೆಯೋದು ನೆಲಮಂಗಲ, ಹೊಸಕೋಟೆ ಕಡೆ ಹೆದ್ದಾರಿ ಪಕ್ಕ ಕಾಣುವಂಥ ದೊಡ್ಡ ಗೋದಾಮುಗಳಲ್ಲಿ. ಅದನ್ನು ನಡೆಸೋದು ವೇರ್‌ಹೌಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಡಬ್ಲ್ಯೂಎಂಎಸ್.

ಮೊದಲು ಕಾದಿರಿಸೋದು

ಗೋದಾಮಿನ ಪ್ರತಿ ಗೂಡಿಗೂ ಒಂದು ವಿಳಾಸ ಇದೆ: ಯಾವ ಸಾಲು, ಯಾವ ರ‍್ಯಾಕ್, ಎಷ್ಟನೇ ಹಂತ. ಆರ್ಡರ್ ಬಂದ ಕೂಡಲೇ ಸಾಫ್ಟ್‌ವೇರ್ ಒಂದು ಗೂಡಿನಲ್ಲಿರುವ ಪೀಸನ್ನು ನಮ್ಮ ಹೆಸರಿಗೆ ಕಾದಿರಿಸುತ್ತೆ. ಇಲ್ಲದಿದ್ದರೆ ಉಳಿದಿರೋ ಒಂದೇ ಪೀಸು ಇಬ್ಬರಿಗೆ ಮಾರಾಟವಾಗುತ್ತೆ. ಔಷಧಿ, ತಿಂಡಿಯಂಥ ಸಾಮಾನಾದರೆ ಮೊದಲು ಅವಧಿ ಮುಗಿಯುವುದನ್ನೇ ಮೊದಲು ಹೊರಗೆ ಕಳಿಸುತ್ತೆ.

ಆದರೆ ತಕ್ಷಣ ಯಾರನ್ನೂ ಓಡಿಸಲ್ಲ. ಸಾಮಾನ್ಯವಾಗಿ ಲೆಕ್ಕ ಹಿಂದಿನಿಂದ ಶುರುವಾಗುತ್ತೆ. ಲಾರಿ ಸಂಜೆ ಆರಕ್ಕೆ ಹೊರಡಬೇಕು, ಲೋಡಿಂಗಿಗೆ ಇಷ್ಟು ಹೊತ್ತು, ಪ್ಯಾಕಿಂಗಿಗೆ ಇಷ್ಟು ಹೊತ್ತು, ಹಾಗಾದರೆ ಸಾಮಾನು ತೆಗೆಯೋದು ಎಷ್ಟು ಗಂಟೆಗೆ ಶುರುವಾಗಬೇಕು? ಒಂದೇ ಲಾರಿಗೆ ಹೋಗೋ ಆರ್ಡರ್‌ಗಳನ್ನು ಹೀಗೆ ಒಟ್ಟಾಗಿ ಬಿಡುಗಡೆ ಮಾಡೋದಕ್ಕೆ ‘ವೇವ್’ ಅಂತಾರೆ.

ನಡಿಗೆಯೇ ದೊಡ್ಡ ಖರ್ಚು

ರ‍್ಯಾಕಿನಿಂದ ಸಾಮಾನು ತೆಗೆಯೋ ಕೆಲಸಕ್ಕೆ ಪಿಕಿಂಗ್ ಅಂತ ಹೆಸರು. ಮನುಷ್ಯರೇ ಓಡಾಡಿ ಪಿಕ್ ಮಾಡೋ ಗೋದಾಮಿನಲ್ಲಿ ಪಿಕ್ಕರ್‌ನ ಸುಮಾರು ಅರ್ಧ ಸಮಯ ಬರೀ ನಡೆಯೋದಕ್ಕೇ ಹೋಗುತ್ತೆ ಅಂತ ಪಠ್ಯಪುಸ್ತಕಗಳು ಹೇಳ್ತವೆ. ಆದ್ದರಿಂದ ಸಾಫ್ಟ್‌ವೇರಿನ ಬುದ್ಧಿಯೆಲ್ಲಾ ನಡಿಗೆ ಕಡಿಮೆ ಮಾಡೋದರಲ್ಲಿದೆ.

ಒಂದು ಆರ್ಡರಿಗೆ 200 ಮೀಟರ್ ನಡೆಯಬೇಕು ಅಂತ ಇಟ್ಟುಕೊಳ್ಳೋಣ. ಹತ್ತು ಆರ್ಡರಿಗೆ ಬೇರೆ ಬೇರೆ ಹೋದರೆ 2 ಕಿಲೋಮೀಟರ್. ಹತ್ತನ್ನೂ ಒಂದೇ ತಳ್ಳುಗಾಡಿಯಲ್ಲಿ ಒಂದೇ ಸುತ್ತಿನಲ್ಲಿ ತಂದರೆ 400 ಮೀಟರಿನಲ್ಲಿ ಮುಗಿಯಬಹುದು. ಇದು ಬ್ಯಾಚ್ ಪಿಕಿಂಗ್. ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿಕೊಟ್ಟರೆ ಅದು ಝೋನ್ ಪಿಕಿಂಗ್. ಎರಡರಲ್ಲೂ ಆಮೇಲೆ ಯಾವ ಸಾಮಾನು ಯಾರದ್ದು ಅಂತ ಬೇರ್ಪಡಿಸೋ ಅಥವಾ ಜೋಡಿಸೋ ಕೆಲಸ ಹೆಚ್ಚುತ್ತೆ.

ಇನ್ನು ದಾರಿ. 20 ಗೂಡುಗಳಿಗೆ ಹೋಗಬೇಕಾದರೆ ಕ್ರಮಗಳ ಸಂಖ್ಯೆ 20 ಫ್ಯಾಕ್ಟೋರಿಯಲ್, ಅಂದರೆ 2.4 ಮುಂದೆ ಹತ್ತರ ಘಾತ 18. ಅಲ್ಗಾರಿದಮ್ ಕ್ಲಾಸಿನಲ್ಲಿ ನಮ್ಮನ್ನು ಹೆದರಿಸೋ ಟ್ರಾವೆಲಿಂಗ್ ಸೇಲ್ಸ್‌ಮನ್ ಸಮಸ್ಯೆಯೇ ಇದು. ಆದರೆ ಗೋದಾಮಿನ ಸಾಲುಗಳು ಸಮಾನಾಂತರವಾಗಿದ್ದು, ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗೋ ದಾರಿ ಎರಡು ತುದಿಗಳಲ್ಲಿ ಮಾತ್ರ ಇದ್ದರೆ, ಅತಿ ಕಡಿಮೆ ದೂರದ ದಾರಿಯನ್ನು ಬೇಗ ಹುಡುಕಬಹುದು. ಬೇಕಾಗೋ ಸಮಯ ಸಾಲುಗಳ ಸಂಖ್ಯೆಗೆ ತಕ್ಕಷ್ಟೇ ಬೆಳೆಯುತ್ತೆ ಅಂತ ರಾಟ್ಲಿಫ್ ಮತ್ತು ರೋಸೆಂತಾಲ್ 1983ರಲ್ಲಿ ತೋರಿಸಿದರು. ಆದರೂ ಎಷ್ಟೋ ಕಡೆ ಹಾವಿನ ಹಾಗೆ ಒಂದು ಸಾಲು ಹತ್ತಿ ಇನ್ನೊಂದು ಸಾಲು ಇಳಿಯೋ ಸುಲಭದ ದಾರಿಯನ್ನೇ ಇಟ್ಟುಕೊಳ್ತಾರೆ. ಅದು ನೆನಪಿರುತ್ತೆ, ಗೊಂದಲ ಆಗಲ್ಲ.

ಪಿಕ್ಕರ್ ಕೈಯಲ್ಲಿರೋ ಸ್ಕ್ಯಾನರ್‌ನಲ್ಲಿ ಮೊದಲು ಗೂಡು, ಆಮೇಲೆ ಸಾಮಾನು ಸ್ಕ್ಯಾನ್ ಆಗಬೇಕು. ಎರಡೂ ಹೊಂದಿಕೆಯಾದರೆ ಮಾತ್ರ ಮುಂದಿನ ವಿಳಾಸ ಬರುತ್ತೆ. ಗೂಡು ಖಾಲಿಯಿದ್ದರೆ ಅದನ್ನು ಅಲ್ಲೇ ದಾಖಲಿಸಿ, ಬೇರೆ ಗೂಡು ಹುಡುಕಿಕೊಡುತ್ತೆ.

ಡಬ್ಬದಿಂದ ಲಾರಿಗೆ

ಪ್ಯಾಕಿಂಗಲ್ಲಿ ತೂಕ ನೋಡೋದು ಒಂದು ಒಳ್ಳೇ ಉಪಾಯ. ಇರಬೇಕಾದ ತೂಕಕ್ಕೂ ಇರೋ ತೂಕಕ್ಕೂ ವ್ಯತ್ಯಾಸ ಇದ್ದರೆ ಏನೋ ತಪ್ಪಿದೆ ಅಂತ ಅರ್ಥ. ಡಬ್ಬದ ಗಾತ್ರವೂ ಮುಖ್ಯ. ಎಷ್ಟೋ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. 30×20×20ರ ಡಬ್ಬಕ್ಕೆ 2.4 ಕಿಲೋ. ಒಳಗೆ 300 ಗ್ರಾಂ ಇದ್ದರೂ 2.4 ಕಿಲೋದ ಬಾಡಿಗೆ!

ಲೇಬಲ್ ಅಂಟಿದ ಮೇಲೆ ಪಿನ್‌ಕೋಡ್ ಪ್ರಕಾರ ವಿಂಗಡಣೆ. 56ರಿಂದ 59ರವರೆಗೆ ಶುರುವಾದರೆ ಅದು ಕರ್ನಾಟಕ. ಲಾರಿಗೆ ಹತ್ತಿಸುವಾಗ ಮತ್ತೊಂದು ಸ್ಕ್ಯಾನ್. ತಪ್ಪು ಲಾರಿಯಾದರೆ ಅಲ್ಲೇ ಗೊತ್ತಾಗುತ್ತೆ.

ಉಳಿಸಿದ ಸಮಯ ಯಾರದ್ದು?

ಸ್ಕ್ಯಾನರ್ ಸಾಮಾನನ್ನಷ್ಟೇ ಅಲ್ಲ, ಸಮಯವನ್ನೂ ದಾಖಲಿಸುತ್ತೆ. ಒಬ್ಬ ಪಿಕ್ಕರ್ ಗಂಟೆಗೆ ಎಷ್ಟು ತೆಗೆದ, ಎಷ್ಟು ಹೊತ್ತು ಸ್ಕ್ಯಾನ್ ಮಾಡದೆ ನಿಂತಿದ್ದ, ಎಲ್ಲಾ ಡೇಟಾಬೇಸಲ್ಲಿ ಇರುತ್ತೆ. ನಮ್ಮ ಕೋಡ್ 2 ಕಿಲೋಮೀಟರನ್ನು 400 ಮೀಟರ್ ಮಾಡಿದರೆ ಆ ಮನುಷ್ಯನ ಕಾಲಿಗೆ ಆರಾಮ ಸಿಗಬಹುದು, ಇಲ್ಲವೇ ಟಾರ್ಗೆಟ್ ಅಷ್ಟೇ ಏರಬಹುದು. ಇದನ್ನು ಅಲ್ಗಾರಿದಮ್ ತೀರ್ಮಾನಿಸಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಬೇಕಾಯಿತು. 2022ರ ಜನವರಿಯಿಂದ ಅಲ್ಲಿನ ದೊಡ್ಡ ಗೋದಾಮುಗಳು ಟಾರ್ಗೆಟ್ ಎಷ್ಟು ಅಂತ ಕೆಲಸಗಾರರಿಗೆ ಬರೆದು ತಿಳಿಸಬೇಕು. ಊಟ, ವಿಶ್ರಾಂತಿ, ಶೌಚಕ್ಕೆ ಹೋಗೋದಕ್ಕೂ ಅಡ್ಡಿಯಾಗುವಂಥ ಟಾರ್ಗೆಟ್ ಇಡೋ ಹಾಗಿಲ್ಲ.

ಇಂಡಸ್ಟ್ರಿಯಲ್ ಇಂಜಿನಿಯರಿಂಗಿನಲ್ಲಿ ಕೆಲಸದ ಸಮಯಕ್ಕೆ ದಣಿವು, ನೀರು, ಶೌಚದ ಸಲುವಾಗಿ ‘ಅಲವೆನ್ಸ್’ ಸೇರಿಸಿಯೇ ಸ್ಟ್ಯಾಂಡರ್ಡ್ ಟೈಮ್ ಲೆಕ್ಕ ಹಾಕ್ತಾರೆ. ಸಾಫ್ಟ್‌ವೇರಿನಲ್ಲಿ ಅದು ಬರೀ ಒಂದು ಸಂಖ್ಯೆ. ನಾಲ್ಕೈದು ವರ್ಷದಲ್ಲಿ ನಮ್ಮಲ್ಲೇ ಯಾರೋ ಅದನ್ನು ತುಂಬೋ ಕುರ್ಚಿಯಲ್ಲಿ ಕೂತಿರ್ತೀವಿ. ಅಲ್ಲಿ ಸೊನ್ನೆ ಹಾಕೋ ಮುಂಚೆ ಒಂದು ದಿನ ಆ ಸ್ಕ್ಯಾನರ್ ಹಿಡಿದು ಗೋದಾಮಿನಲ್ಲಿ ನಡೆದು ನೋಡೋಣ.