ಕೌಂಟರಿನ ಎರಡನೇ ಪರದೆ ಕಪ್ಪಾದಾಗ: ಯುಎಸ್‌ಬಿ ಅಡಾಪ್ಟರ್ ದೋಷ ಹುಡುಕುವುದು ಹೇಗೆ?

ರೋಣ, ನರಗುಂದ ಹಾಗೂ ಗಜೇಂದ್ರಗಡ ಭಾಗದಲ್ಲಿ ಪಹಣಿಗೆ ‘ಉತಾರ’ ಎಂಬ ಹೆಸರೇ ರೂಢಿ. ಬೆಳೆಸಾಲ, ಬೆಳೆವಿಮೆ, ಅಣ್ಣತಮ್ಮಂದಿರ ಪಾಲು ಇವೆಲ್ಲಕ್ಕೂ ಅದೇ ಆಧಾರ. ಅರ್ಜಿಯನ್ನು ಗಣಕಯಂತ್ರಕ್ಕೆ ಏರಿಸುವಾಗ ಹೆಸರಿನ ಒಂದು ಅಕ್ಷರವೋ ಸರ್ವೆ ನಂಬರಿನ ಒಂದು ಅಂಕಿಯೋ ತಪ್ಪಿದರೆ, ಅದನ್ನು ಸರಿಪಡಿಸಲು ರೈತ ಮತ್ತೆ ಕಚೇರಿಗೆ ಅಲೆಯಬೇಕಾಗುತ್ತದೆ. ತಪ್ಪು ಆಗಲೇ ಅವನ ಕಣ್ಣಿಗೆ ಬಿದ್ದರೆ ಈ ಅಲೆದಾಟ ಉಳಿಯುತ್ತದೆ.

ಈ ಕಾರಣಕ್ಕಾಗಿಯೇ ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಎರಡನೇ ಪರದೆಗೆ ಸ್ಥಾನ ದೊರೆತಿತ್ತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು 2002ರ ವೇಳೆಗೆ ಗಣಕೀಕೃತಗೊಂಡವು. ತಾಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿಯ ಪ್ರತಿ ಸಿಗುವಂತಾಯಿತು. ಸಿಬ್ಬಂದಿಯ ಮುಂದೆ ಒಂದು ಪರದೆಯಿದ್ದರೆ, ತನ್ನ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು ರೈತನೂ ನೋಡಲೆಂದು ಇನ್ನೊಂದನ್ನು ಅವನ ಕಡೆಗೆ ಮುಖ ಮಾಡಿ ಇಡುವ ವ್ಯವಸ್ಥೆ ಅದು. ಆಗ ಗಜೇಂದ್ರಗಡವು ರೋಣ ತಾಲೂಕಿಗೆ ಸೇರಿತ್ತು; ಪ್ರತ್ಯೇಕ ತಾಲೂಕಾದುದು 2018ರಲ್ಲಿ.

ಇಂದು ಪಹಣಿ ಅಂತರ್ಜಾಲದಲ್ಲೂ ದೊರೆಯುತ್ತದೆ. 2022ರಲ್ಲಿ ಆರಂಭಗೊಂಡ ಗ್ರಾಮ ಒನ್ ಕೇಂದ್ರಗಳು ಹಾಗೂ ಖಾಸಗಿ ಸೇವಾ ಕೇಂದ್ರಗಳು ಹಳ್ಳಿಯ ಸಮೀಪಕ್ಕೇ ಬಂದಿವೆ. ಇಂಥ ಕಡೆ ಬಳಕೆಯಾಗುವ ಲ್ಯಾಪ್‌ಟಾಪ್‌ಗಳಲ್ಲಿ ಹೊರ ಮಾನಿಟರಿಗೆ ಸಾಮಾನ್ಯವಾಗಿ ಒಂದೇ ಕಿಂಡಿ ಇರುತ್ತದೆ. ಅದು ಬಳಕೆಯಲ್ಲಿದ್ದರೆ ಅಥವಾ ಕೆಟ್ಟಿದ್ದರೆ ಇನ್ನೊಂದು ಪರದೆ ಜೋಡಿಸಲು ಯುಎಸ್‌ಬಿ ವಿಡಿಯೊ ಅಡಾಪ್ಟರ್ ನೆರವಾಗುತ್ತದೆ. ಆದರೆ ಅದು ಕೈಕೊಟ್ಟಾಗ ಬಹುತೇಕರು ಮಾನಿಟರನ್ನೇ ದೂರುತ್ತಾರೆ.

ಇದು ಕೆಲಸ ಮಾಡುವ ಬಗೆ

ಮಾಮೂಲಿ ಎಚ್‌ಡಿಎಂಐ ಕೇಬಲ್ ಸಿದ್ಧ ಚಿತ್ರವನ್ನು ಸಾಗಿಸುತ್ತದೆ, ಅಷ್ಟೆ. ಯುಎಸ್‌ಬಿ ಅಡಾಪ್ಟರಿನ ರೀತಿಯೇ ಬೇರೆ. 1920×1080 ಚುಕ್ಕಿಗಳ ಪರದೆಯನ್ನು ಸೆಕೆಂಡಿಗೆ 60 ಬಾರಿ ಬದಲಿಸಲು ಸುಮಾರು 300 ಕೋಟಿ ಬಿಟ್ ಮಾಹಿತಿ ಬೇಕು. ಯುಎಸ್‌ಬಿ 2.0 ಕಿಂಡಿಯ ಗರಿಷ್ಠ ಸಾಮರ್ಥ್ಯ 48 ಕೋಟಿ ಬಿಟ್, 3.0 ಕಿಂಡಿಯದು 500 ಕೋಟಿ. ಆದ್ದರಿಂದ ಗಣಕಯಂತ್ರದಲ್ಲಿರುವ ಡ್ರೈವರ್ ಎಂಬ ತಂತ್ರಾಂಶವು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ. ಅಡಾಪ್ಟರಿನೊಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ನೀಡುತ್ತದೆ. ಡ್ರೈವರ್ ಇಲ್ಲವಾದರೆ ಚಿತ್ರವೂ ಇಲ್ಲ.

ದೋಷ ಹುಡುಕುವ ಕ್ರಮ

ಮೊದಲು ಅಡಾಪ್ಟರನ್ನು ಬದಿಗಿಟ್ಟು, ಅದೇ ಮಾನಿಟರನ್ನು ಅದೇ ಕೇಬಲ್ ಮೂಲಕ ಗಣಕಯಂತ್ರದ ವಿಡಿಯೊ ಕಿಂಡಿಗೆ ನೇರವಾಗಿ ಜೋಡಿಸಿ ನೋಡಬೇಕು. ಚಿತ್ರ ಮೂಡಿದರೆ ಮಾನಿಟರ್ ಮತ್ತು ಕೇಬಲ್ ನಿರ್ದೋಷಿಗಳು. ಮೂಡದಿದ್ದರೆ ಕೇಬಲ್ ಬದಲಿಸಿ ನೋಡಿ; ಮಾನಿಟರಿನ ಗುಂಡಿಯಿಂದ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ ಎಂಬುದನ್ನೂ ಪರಿಶೀಲಿಸಿ.

ಎರಡನೆಯದಾಗಿ, ಅಡಾಪ್ಟರನ್ನು ಹಬ್‌ಗೆ ಸಿಕ್ಕಿಸದೆ ಗಣಕಯಂತ್ರಕ್ಕೇ ನೇರವಾಗಿ ಸಿಕ್ಕಿಸಬೇಕು. ಪ್ರತ್ಯೇಕ ವಿದ್ಯುತ್ ಇಲ್ಲದ ಹಬ್‌ನಲ್ಲಿ ಪ್ರಿಂಟರ್, ಬೆರಳಚ್ಚು ಯಂತ್ರಗಳೊಂದಿಗೆ ಅದೂ ಸೇರಿದರೆ ಶಕ್ತಿ ಸಾಲದೆ ಚಿತ್ರ ಬಂದು ಹೋಗುತ್ತಿರುತ್ತದೆ. ಒಳಭಾಗ ನೀಲಿಯಿರುವ ಕಿಂಡಿ ಸಾಮಾನ್ಯವಾಗಿ 3.0 ಆಗಿರುತ್ತದೆ, ಅದನ್ನೇ ಬಳಸುವುದು ಲೇಸು. ಕರೆಂಟು ಹೋಗಿ ಬಂದ ಬಳಿಕ ಪರದೆ ಏಳದಿದ್ದರೆ ಅಡಾಪ್ಟರನ್ನು ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ.

ಮೂರನೆಯದು ಡ್ರೈವರ್. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಹೆಸರಿನ ಪಕ್ಕ ಹಳದಿ ಗುರುತಿದ್ದರೆ ಡ್ರೈವರ್ ಇಲ್ಲವೆಂದೋ ಸರಿಯಿಲ್ಲವೆಂದೋ ತಿಳಿಯಬೇಕು. ಡಿಸ್‌ಪ್ಲೇಲಿಂಕ್ ಚಿಪ್ ಉಳ್ಳ ಅಡಾಪ್ಟರಿಗೆ ವಿಂಡೋಸ್ 10 ಹಾಗೂ ನಂತರದ ಆವೃತ್ತಿಗಳು ಅಂತರ್ಜಾಲ ಸಂಪರ್ಕವಿದ್ದರೆ ತಾವೇ ಡ್ರೈವರ್ ಪಡೆಯಬಲ್ಲವು. ಸಿಲಿಕಾನ್ ಮೋಷನ್ ಮುಂತಾದ ಬೇರೆ ಚಿಪ್‌ಗಳೂ ಇವೆ. ಒಂದರ ಡ್ರೈವರ್ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಪೆಟ್ಟಿಗೆಯ ಮೇಲಿನ ಚಿಪ್‌ನ ಹೆಸರು ನೋಡಿ ಆ ತಯಾರಕರ ತಾಣದಿಂದಲೇ ಪಡೆಯುವುದು ಸುರಕ್ಷಿತ. ಮ್ಯಾಕ್ ಬಳಸುವವರು ಡಿಸ್‌ಪ್ಲೇಲಿಂಕ್ ತಂತ್ರಾಂಶಕ್ಕೆ ಪರದೆ ದಾಖಲಿಸುವ ಅನುಮತಿ ನೀಡದಿದ್ದರೆ ಚಿತ್ರ ಬಾರದು.

ಕೊನೆಗೆ ವಿಂಡೋಸ್ ಕೀಲಿಯೊಂದಿಗೆ ‘ಪಿ’ ಕೀಲಿ ಒತ್ತಿ. ‘ಪಿಸಿ ಸ್ಕ್ರೀನ್ ಓನ್ಲಿ’ ಆಯ್ಕೆಯಾಗಿದ್ದರೆ ಎಲ್ಲವೂ ಸರಿಯಿದ್ದರೂ ಎರಡನೇ ಪರದೆ ಕಪ್ಪಾಗಿಯೇ ಇರುತ್ತದೆ.

ಏನನ್ನು ತೋರಿಸಬೇಕು?

ಅಲ್ಲಿಯೇ ‘ಡುಪ್ಲಿಕೇಟ್’, ‘ಎಕ್ಸ್‌ಟೆಂಡ್’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದರಲ್ಲಿ ಸಿಬ್ಬಂದಿಯ ಪರದೆಯಲ್ಲಿರುವುದೆಲ್ಲ ಎದುರಿನವರಿಗೂ ಕಾಣುತ್ತದೆ. ಇದು ಸರಳವಾದರೂ ಹಿಂದಿನ ಅರ್ಜಿದಾರರ ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳು ಸಹ ಬಯಲಾಗುವ ಅಪಾಯವಿದೆ. ಎರಡನೆಯದರಲ್ಲಿ ಎದುರಿಗಿರುವ ರೈತನ ಅರ್ಜಿಯ ಕಿಟಕಿಯನ್ನು ಮಾತ್ರ ಆ ಪರದೆಗೆ ಸರಿಸಬಹುದು. ಕೌಂಟರಿಗೆ ಇದೇ ಒಳಿತು.

ಕೊಳ್ಳುವಾಗ ಎಚ್ಚರ

ಯುಎಸ್‌ಬಿ ಮತ್ತು ಎಚ್‌ಡಿಎಂಐ ಎರಡೂ ತುದಿಗಳಿದ್ದ ಮಾತ್ರಕ್ಕೆ ಅದು ಪರದೆ ಜೋಡಿಸುವ ಸಾಧನವೆಂದು ಭಾವಿಸಬಾರದು. ಕ್ಯಾಪ್ಚರ್ ಕಾರ್ಡ್ ನೋಡಲು ಹಾಗೆಯೇ ಇರುತ್ತದೆ. ಆದರೆ ಅದು ಹೊರಗಿನ ಚಿತ್ರವನ್ನು ಗಣಕಯಂತ್ರದೊಳಕ್ಕೆ ತರುವಂಥದ್ದು. ಚಿಪ್ ಇಲ್ಲದ ಅಗ್ಗದ ಟೈಪ್-ಸಿ ಪರಿವರ್ತಕಗಳೂ ಎಲ್ಲೆಡೆ ನಡೆಯವು. ಲ್ಯಾಪ್‌ಟಾಪ್‌ನ ಟೈಪ್-ಸಿ ಕಿಂಡಿಗೆ ಚಿತ್ರ ಕಳುಹಿಸುವ ಸೌಲಭ್ಯವಿದ್ದರೆ ಮಾತ್ರ ಅವು ಉಪಯುಕ್ತ. ಇನ್ನು, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪರಿವರ್ತಕವನ್ನು ತಿರುಗಿಸಿ ಜೋಡಿಸಿದರೆ ಕೆಲಸ ಮಾಡದು.

ಇಷ್ಟೆಲ್ಲ ಮಾಡಿದರೂ ಚಿತ್ರ ಬಾರದಿದ್ದರೆ ಅಡಾಪ್ಟರನ್ನು ಇನ್ನೊಂದು ಗಣಕಯಂತ್ರದಲ್ಲಿ ಪರೀಕ್ಷಿಸಿ. ಅಲ್ಲಿಯೂ ನಡೆಯದಿದ್ದರೆ ಬದಲಿಸುವುದೊಂದೇ ದಾರಿ. ಹೊಸದು ಬರುವವರೆಗೆ ಕೌಂಟರಿನ ಕೆಲಸ ನಿಲ್ಲಬೇಕಿಲ್ಲ. ಇರುವ ಒಂದೇ ಪರದೆಯನ್ನು ಅರ್ಜಿದಾರರ ಕಡೆಗೆ ತಿರುಗಿಸಿ, ಹೆಸರು, ಸರ್ವೆ ನಂಬರು, ಎಕರೆ-ಗುಂಟೆಗಳನ್ನು ಓದಿ ಹೇಳಿ, ಅವರು ಹೌದೆಂದ ನಂತರವೇ ಅರ್ಜಿ ಸಲ್ಲಿಸಿದರಾಯಿತು.