ದಾರಿ ತುಂಬಿದಾಗ ತಾನೇ ತಡೆಯುವ ಕಂಪ್ಯೂಟರ್

ಹರದನಹಳ್ಳಿಯಲ್ಲಿ ಒಬ್ಬರು ಪಹಣಿ ತೆಗೆಸುತ್ತಿದ್ದಾರೆ, ಪಕ್ಕದ ಮನೆಯ ಹುಡುಗಿ ಪಾಠದ ವಿಡಿಯೊ ನೋಡುತ್ತಿದ್ದಾಳೆ, ಇನ್ಯಾರಿಗೋ ಮದುವೆಯ ಫೋಟೊಗಳು ಬರುತ್ತಿವೆ ಎಂದುಕೊಳ್ಳಿ. ಚಾಮರಾಜನಗರದಿಂದ ಊರಿಗೆ ಬರುವ ಒಂದೇ ಕೇಬಲ್ಲಿನಲ್ಲಿ ಮೂರೂ ಸಾಗಬೇಕು. ಯಾರಿಗೆಷ್ಟು ಪಾಲು ಎಂದು ಗೊತ್ತುಮಾಡುವ ಒಬ್ಬ ಯಜಮಾನ ಅಂತರ್ಜಾಲದಲ್ಲಿ ಇಲ್ಲ. ಮಾಹಿತಿ ಕಳಿಸುವ ಒಂದೊಂದು ಸರ್ವರ್ ಕೂಡ ದಾರಿಯ ಸ್ಥಿತಿಯನ್ನು ತಾನೇ ಊಹಿಸಿ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಷ್ಟು ದೊಡ್ಡ ವ್ಯವಸ್ಥೆ ಇಂಥ ಸಂಯಮದ ಮೇಲೆ ನಿಂತಿದೆ ಎನ್ನುವುದು ನನಗೆ ಈಗಲೂ ಬೆರಗು.

ಮಾಹಿತಿ ಸಾಗುವುದು ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್‌ಗಳ ಪ್ಯಾಕೆಟ್‌ಗಳಾಗಿ. ಅವನ್ನು ದಾಟಿಸುವ ಯಂತ್ರವಾದ ರೌಟರಿನ ಮುಂದೆ ಸಾಲು ತುಂಬಿದರೆ ಹೊಸದಾಗಿ ಬಂದವು ಬಿದ್ದುಹೋಗುತ್ತವೆ. ಕಳಿಸಿದವನು ಮತ್ತೆ ಕಳಿಸುತ್ತಾನೆ. ಅಪಾಯ ಇರುವುದೇ ಇಲ್ಲಿ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಅರ್ಧ ಕಿಲೋಮೀಟರ್ ಕೂಡ ದೂರವಿಲ್ಲದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ಮತ್ತೆ ಮತ್ತೆ ಕಳಿಸಿದ ನಕಲುಗಳೇ ದಾರಿಯನ್ನು ಕಟ್ಟಿಹಾಕಿದ್ದವು. ಸಂಶೋಧಕ ವ್ಯಾನ್ ಜೇಕಬ್‌ಸನ್ 1988ರಲ್ಲಿ ಮದ್ದು ಹೇಳಿದರು: ಎಲ್ಲ ಸುಗಮವಾಗಿದ್ದರೆ ಸ್ವಲ್ಪಸ್ವಲ್ಪವಾಗಿ ಏರಿಸು, ಪ್ಯಾಕೆಟ್ ಕಳೆದರೆ ತಟ್ಟನೆ ಇಳಿಸು.

ಇದರಿಂದ ಪಾಲು ಸಮವಾಗುವುದೇಕೆ? 1989ರಲ್ಲಿ ಸಂಶೋಧಕರಾದ ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್ ಲೆಕ್ಕ ಬಿಡಿಸಿಟ್ಟರು. ಒಬ್ಬನ ಪಾಲು 80, ಇನ್ನೊಬ್ಬನದು 20, ಅಂತರ 60. ಇಬ್ಬರೂ ಅರ್ಧಕ್ಕೆ ಇಳಿದರೆ 40 ಮತ್ತು 10; ಅಂತರ 30. ಆಮೇಲೆ ಇಬ್ಬರೂ ಸಮನಾಗಿ ಏರುತ್ತಾರೆ, ಅಂತರ ಹಾಗೇ ಉಳಿಯುತ್ತದೆ. ಮುಂದಿನ ಇಳಿತಕ್ಕೆ ಅದು 15. ಒಬ್ಬರನ್ನೊಬ್ಬರು ಕಾಣದೆಯೇ ಸಮಪಾಲಿನತ್ತ ಬರುತ್ತಾರೆ!

ಜೈನ್ ಸ್ನಾತಕೋತ್ತರ ಪದವಿ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ. ಅಲ್ಲೇ ಓದಿದ ಕೆ.ಕೆ. ರಾಮಕೃಷ್ಣನ್ ಜೊತೆ ಸೇರಿ ಅವರು ಇನ್ನೊಂದು ದಾರಿ ತೋರಿದರು. ಪ್ಯಾಕೆಟ್ ಬಿದ್ದುಹೋಗುವವರೆಗೆ ಕಾಯುವುದೇಕೆ? ಸಾಲು ಉದ್ದವಾಗುತ್ತಿದ್ದಂತೆ ರೌಟರ್ ಪ್ಯಾಕೆಟ್ಟಿನ ಮೇಲೆ ಒಂದು ಬಿಟ್ ಗುರುತು ಹಾಕಲಿ, ಅದನ್ನು ಪಡೆದವರು ಕಳಿಸಿದವರಿಗೆ ತಿಳಿಸಲಿ. ಈ ವಿಚಾರ ಬೆಳೆದು 2001ರಲ್ಲಿ ಅಂತರ್ಜಾಲದ ಮಾನದಂಡಗಳಲ್ಲಿ ಸೇರಿತು.

ವೇಗ ಹೆಚ್ಚಿದಂತೆ ಹಳೆಯ ಮದ್ದು ಸಾಲದಾಯಿತು. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ದಾರಿಯಲ್ಲಿ ಹೋಗಿಬರಲು 100 ಮಿಲಿಸೆಕೆಂಡ್ ಹಿಡಿದರೆ, ಯಾವ ಕ್ಷಣದಲ್ಲೂ ಸುಮಾರು 83,000 ಪ್ಯಾಕೆಟ್‌ಗಳು ದಾರಿಯಲ್ಲಿರುತ್ತವೆ. ಒಂದು ಕಳೆಯಿತೆಂದು ಅರ್ಧಕ್ಕೆ ಇಳಿಸಿ, ಸುತ್ತಿಗೊಂದೊಂದು ಪ್ಯಾಕೆಟ್ ಏರಿಸುತ್ತ ಹೋದರೆ ಮೊದಲಿನ ವೇಗ ಮುಟ್ಟಲು ಒಂದು ಗಂಟೆಗೂ ಮೀರುತ್ತದೆ. 2006ರಿಂದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿರುವ ‘ಕ್ಯೂಬಿಕ್’ ಎಂಬ ವಿಧಾನ ಬೇಗ ಏರಿ, ಹಿಂದೆ ಎಡವಿದ ಮಟ್ಟದ ಹತ್ತಿರ ನಿಧಾನಿಸಿ, ಆಮೇಲೆ ಮತ್ತೆ ಮೇಲಕ್ಕೆ ತಡಕುತ್ತದೆ. 2016ರಲ್ಲಿ ಗೂಗಲ್ ಹೊರತಂದ ‘ಬಿಬಿಆರ್’ ನಷ್ಟಕ್ಕೆ ಕಾಯದೆ ವೇಗವನ್ನೂ ವಿಳಂಬವನ್ನೂ ಅಳೆಯುತ್ತಲೇ ಹೋಗುತ್ತದೆ. ಆದರೆ ಅದರ ಮೊದಲ ಆವೃತ್ತಿ ಕೆಲವು ಸಂದರ್ಭಗಳಲ್ಲಿ ಕ್ಯೂಬಿಕ್‌ನ ಪಾಲನ್ನೂ ಕಬಳಿಸುತ್ತಿತ್ತು. ಕಾಲುವೆಯ ಮೇಲ್ಭಾಗದವರು ನೀರೆಲ್ಲ ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ಏನು ಗತಿಯೋ, ಇಲ್ಲೂ ಅದೇ. ವೇಗದ ದಾಖಲೆಗಳಿಗಿಂತ ಈ ಪಾಲಿನ ಪ್ರಶ್ನೆಯೇ ನನಗೆ ಮುಖ್ಯ. ಬಿಬಿಆರ್‌ನ ಮುಂದಿನ ಆವೃತ್ತಿಗಳು ನಷ್ಟವನ್ನೂ ರೌಟರಿನ ಆ ಒಂದು ಬಿಟ್ ಗುರುತನ್ನೂ ಗಮನಿಸುವಂತೆ ತಿದ್ದುಪಡಿಯಾಗಿವೆ.