ಕುರುವಾಯಿ ಬಾಗಿಲು ತೆರೆದರೆ, ಕೆಂಪು ಮೂತಿ ಮರ ಕೆಡವುತ್ತೆ

‘ತೆಂಗಿನ ಮರಕ್ಕೆ ಹುಳ ಬಿದ್ದದೆ ಕಣಪ್ಪ’ ಅಂತ ಊರಿಂದ ಫೋನ್ ಬಂತಾ? ನಂಜನಗೂಡು, ಟಿ. ನರಸೀಪುರದ ಕಡೆ ತೋಟ ಇಟ್ಟುಕೊಂಡು ಬೆಂಗಳೂರಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಮಾತಲ್ಲ. ‘ಯಾವ ಔಷಧಿ?’ ಅಂತ ಕೇಳುವ ಮೊದಲು ‘ಯಾವ ಹುಳ?’ ಅಂತ ಕೇಳಿ.

ಕುರುವಾಯಿ ದುಂಬಿ

ಕಪ್ಪು ಬಣ್ಣದ ದಪ್ಪ ದುಂಬಿ, ತಲೆ ಮೇಲೆ ಘೇಂಡಾಮೃಗದ ಹಾಗೆ ಕೊಂಬು. ರಾತ್ರಿ ಬಂದು, ಇನ್ನೂ ಬಿಚ್ಚದ ಸುಳಿಯನ್ನು ಕೊರೆಯುತ್ತದೆ. ಆ ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಬೆಳೆದ ಮರ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಎಳೆ ಗಿಡಕ್ಕೆ ಅಪಾಯ. ಇದರ ಮರಿಹುಳು ಬೆಳೆಯುವುದು ಮರದಲ್ಲಲ್ಲ, ತಿಪ್ಪೆಗುಂಡಿಯಲ್ಲಿ ಮತ್ತು ಕೊಳೆತ ಬೊಡ್ಡೆಗಳಲ್ಲಿ.

ಕೆಂಪು ಮೂತಿ ಹುಳು

ಇಟ್ಟಿಗೆ ಬಣ್ಣ, ಉದ್ದ ಮೂತಿ. ಇಲ್ಲಿ ಕೇಡು ಮಾಡುವುದು ಮರಿಹುಳು. ಕಾಂಡದೊಳಗೇ ಕೂತು ತಿನ್ನುವುದರಿಂದ ಮರ ಹೊರಗೆ ಚೆನ್ನಾಗೇ ಕಾಣುತ್ತದೆ. ಕಾಂಡದಲ್ಲಿ ತೂತು, ಕಂದು ಅಂಟು, ಅಗಿದ ನಾರು ಕಂಡರೆ ಅನುಮಾನಿಸಿ. ಕಿವಿಗೊಟ್ಟರೆ ಕೆಲವೊಮ್ಮೆ ಅಗಿಯುವ ಸದ್ದೂ ಕೇಳುತ್ತೆ. ಸುಳಿ ಬಾಗಿದ ಮೇಲೆ ಮರ ಉಳಿಯುವುದು ಕಷ್ಟ. ಮೂಲತಃ ನಮ್ಮ ಕಡೆಯದೇ ಆದ ಈ ಹುಳು 1980ರ ದಶಕದಲ್ಲಿ ಕೊಲ್ಲಿ ದೇಶಗಳನ್ನು ತಲುಪಿ ಖರ್ಜೂರದ ಮರಗಳನ್ನೂ ಕೆಡವಿತು.

ನಂಟು ಇರುವುದು ಗಾಯದಲ್ಲಿ

ಕೆಂಪು ಮೂತಿ ಮೊಟ್ಟೆಯಿಡಲು ಮರದ ಗಾಯ ಹುಡುಕುತ್ತದೆ. ಕುರುವಾಯಿ ಕೊರೆದ ತೂತು ಅದಕ್ಕೆ ಸಲೀಸಾದ ಬಾಗಿಲು. ಮರ ಹತ್ತಲು ಕಾಂಡಕ್ಕೆ ಹಾಕುವ ಕಚ್ಚು, ಬುಡಕ್ಕೇ ಕಡಿದ ಹಸಿ ಗರಿ ಕೂಡ ಅಂಥದ್ದೇ. ಹಾಗಾಗಿ ‘ಬರೀ ಗರಿ ತಾನೇ’ ಅಂತ ಕುರುವಾಯಿಯನ್ನು ಬಿಟ್ಟರೆ ಮುಂದೆ ಮರವೇ ಹೋಗಬಹುದು.

ಏನು ಮಾಡಬೇಕು?

• ಗೊಬ್ಬರದ ಗುಂಡಿ ಕೆದಕಿ ಮರಿಹುಳು ಆರಿಸಿ ಕೊಲ್ಲಿ. ಮೆಟರೈಜಿಯಂ ಶಿಲೀಂಧ್ರ ಬೆರೆಸಿ.
• ಎಳೆ ಗಿಡದ ಸುಳಿ ಪಕ್ಕದ ಮಟ್ಟೆಗಳ ಸಂದಿಯಲ್ಲಿ 3 ನುಸಿ ಗುಳಿಗೆ ಇಟ್ಟು ಮರಳು ಮುಚ್ಚಿ. 45 ದಿನಕ್ಕೊಮ್ಮೆ ಬದಲಿಸಿ.
• ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ 120 ಸೆಂ.ಮೀ., ಅಂದರೆ ನಾಲ್ಕಡಿ ಬಿಟ್ಟು ಕಡಿಯಿರಿ.
• ಎರಡಕ್ಕೂ ಮೋಹಕ ಬಲೆ ಇದೆ, ಆದರೆ ಒಳಗಿಡುವ ಆಕರ್ಷಕ ಬೇರೆ ಬೇರೆ. ಹೆಸರು ಹೇಳಿಯೇ ಕೊಳ್ಳಿ.

ಅನುಮಾನವಿದ್ದರೆ ಸುಳಿ, ಕಾಂಡ ಎರಡರ ಫೋಟೊ ತರಿಸಿಕೊಂಡು ತೋಟಗಾರಿಕೆ ಇಲಾಖೆಗೆ ಅಥವಾ ನಂಜನಗೂಡು ತಾಲ್ಲೂಕಿನ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.

ಸತ್ತ ಮರವನ್ನು ಮಾತ್ರ ತೋಟದಲ್ಲೇ ಬಿಡಬೇಡಿ. ಒಳಗಿರುವ ಕೆಂಪು ಮೂತಿ ಪಕ್ಕದ ಮರಕ್ಕೆ ಹಾರುತ್ತೆ. ಬೊಡ್ಡೆ ಕೊಳೆತರೆ ಕುರುವಾಯಿ ಅಲ್ಲೇ ಸಂಸಾರ ಹೂಡುತ್ತೆ. ಸೀಳಿ ಸುಟ್ಟುಬಿಡಿ. ನಿಮ್ಮ ತೋಟದ ಜೊತೆ ಪಕ್ಕದವರ ತೋಟವೂ ಉಳಿಯುತ್ತೆ.